ಸೊಟ್ಟ ರೆಕ್ಕೆಯ ನೊಣ

ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ದೊಡ್ಡಲಕ್ಷ್ಮಮ್ಮ ‘ಕಂಪ್ನಿಗೆ ಹೋಯ್ತೀನಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಯಾವ ಕಂಪನಿ ಎಂದು ಬೆನ್ನು ಬೀಳುವವರಿಗೆ ಮಾತ್ರ ನಿಜ ಹೇಳಲೇಬೇಕಾಗುತ್ತಿತ್ತು. ಅದು ನೊಣದ ಕಂಪನಿ. ಚನ್ನಪಟ್ಟಣ ದಾಟಿ ಮದ್ದೂರಿನ ಕಡೆ ಹೋಗುವಾಗ ಹೆದ್ದಾರಿಯ ಎಡಕ್ಕೆ, ಹಿಂದೆ ಹುಣಿಸೆಹಣ್ಣಿನ ಗೋದಾಮಾಗಿದ್ದ ತಗಡಿನ ಶೆಡ್ಡು. ಅಲ್ಲಿ ಹೆಂಗಸರು ಸಾಲಾಗಿ ಕೂತು, ಕಾಳಿನಷ್ಟು ಪುಟ್ಟ ಗಾಳಕ್ಕೆ ಹುಂಜದ ಕತ್ತಿನ ಗರಿ, ಬಾತುಕೋಳಿಯ ಪುಕ್ಕ, ರೇಷ್ಮೆ ಎಳೆ ಸುತ್ತಿ ಸುತ್ತಿ ನೊಣ ಮಾಡುತ್ತಿದ್ದರು. ವಿಲಾಯಿತಿಯ ಜನ ಆ ನೊಣವನ್ನು ಹೊಳೆಯ ಮೇಲೆ ತೇಲಿಬಿಟ್ಟು ಮೀನಿಗೆ ಮಂಕುಬೂದಿ ಎರಚುತ್ತಾರಂತೆ. ಹಿಡಿದ ಮೀನನ್ನು ತಿನ್ನದೆ ಮತ್ತೆ ನೀರಿಗೇ ಬಿಡುತ್ತಾರಂತೆ. ಈ ಎರಡನೆಯ ವಿಷಯವನ್ನು ದೊಡ್ಡಲಕ್ಷ್ಮಮ್ಮ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳ ಮಾನವೇ ಹೋಗುತ್ತಿತ್ತು.

ಅವಳು ಮೊದಲಿಗೆ ರಾಮನಗರದ ಹುರಿ ಕಾರ್ಖಾನೆಯಲ್ಲಿ, ಅಂದರೆ ರೇಷ್ಮೆ ನೂಲನ್ನು ತಿರುಚಿ ಗಟ್ಟಿ ಮಾಡುವ ಕಡೆ ಇದ್ದವಳು. ಚೀನಾ ರೇಷ್ಮೆ ಬಂದು ಆ ಕಾರ್ಖಾನೆ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ಹೆದ್ದಾರಿ ಹಿಡಿದು ಇತ್ತ ನಡೆದು ಬರುತ್ತಿದ್ದವು, ರಸ್ತೆ ಅಗಲ ಮಾಡಲು ಸಾಲುಮರಗಳು ಉರುಳುತ್ತಿದ್ದವು. ಆ ಗದ್ದಲದ ನಡುವೆಯೇ ಊರಿನವನೇ ಆದ ಅನಂತರಾಜು ಎಂಬಾತ ಈ ನೊಣದ ಶೆಡ್ಡು ತೆರೆದ. ಹುರಿ ಹಾಕಿ ಪಳಗಿದ ಬೆರಳುಗಳೇ ಬೇಕೆಂದು ಹುಡುಕಿಕೊಂಡು ಬಂದು ಕರೆದ. ಶೆಡ್ಡಿನ ಹೆಂಗಸರೆಲ್ಲ ರೇಷ್ಮೆಯಿಂದ ಬಂದವರೇ.

ದೊಡ್ಡಲಕ್ಷ್ಮಮ್ಮನ ಮೇಜಿನ ಇನ್ನೊಂದು ಬದಿಗೆ ಮುನವ್ವರಾ ಕೂರುತ್ತಿದ್ದಳು. ಎಡಚಿ. ಚಿಕ್ಕಂದಿನಲ್ಲಿ ಮೇಷ್ಟ್ರು ಆ ಎಡಗೈಗೆ ಬೆತ್ತದಲ್ಲಿ ಹೊಡೆದಿದ್ದರು, ಮದುವೆಯಾದ ಮೇಲೆ ಅತ್ತೆ ಖುರ್ಷಿದಾ ಸೌಟಿನಲ್ಲಿ ಹೊಡೆದಿದ್ದಳು. ರೇಷ್ಮೆ ಕಾರ್ಖಾನೆಯಲ್ಲಿ ಅವಳನ್ನು ಯಂತ್ರದ ಹತ್ತಿರ ಬಿಟ್ಟುಕೊಂಡಿರಲೇ ಇಲ್ಲ, ಬರೀ ಗೂಡು ಬೇಯಿಸುವ ಕಡೆ ಹಾಕಿದ್ದರು. ಇಲ್ಲಿ ಮಾತ್ರ ಗಾಳ ಕಚ್ಚಿ ಹಿಡಿಯುವ ಇಕ್ಕಳವನ್ನು ತಿರುಗಿಸಿಕೊಟ್ಟರೆ ಮುಗಿಯಿತು, ಎಡಗೈಯೂ ಕೈಯೇ. ಗಂಡ ಜಬ್ಬಾರನಿಗೆ ರೇಷ್ಮೆ ಹಬೆ ಕುಡಿದು ಕುಡಿದು ಉಬ್ಬಸ ಹತ್ತಿತ್ತು, ಮನೆ ನಡೆಯುತ್ತಿದ್ದುದು ಆ ಎಡಗೈಯಿಂದಲೇ. ಇಬ್ಬರೂ ಕಟ್ಟಿದ ನೊಣಗಳು ಬೀಳುತ್ತಿದ್ದುದು ನಡುವೆ ಇಟ್ಟ ಒಂದೇ ತಟ್ಟೆಗೆ.

ಶಿವರಾತ್ರಿ ಕಳೆದ ಹೊಸತರಲ್ಲಿ ಒಂದು ಬೆಳಿಗ್ಗೆ ಅನಂತರಾಜು ಕೈಯಲ್ಲಿ ಪೆಟ್ಟಿಗೆ ಹಿಡಿದು ಒಳಗೆ ಬಂದ. ಅವನ ಮುಖ ನೋಡಿಯೇ ಹೆಂಗಸರ ಕೈ ನಿಂತಿತು.

“ನೋಡ್ರಮ್ಮ, ಮಾಲು ವಾಪಸ್ ಬಂದ್ಬುಟ್ಟೈತೆ,” ಎಂದ. “ನಮ್ ನೊಣ ಗಾಳೀಲಿ ಗಿರಗಿರ ಅಂತ ತಿರುಗ್ತದಂತೆ.”

ತಿರುಗಿದರೆ ಏನಾಗುತ್ತದೆ ಎಂದು ಒಬ್ಬಳು ಕೇಳಿದಳು. ಅನಂತರಾಜು ಮೇಜಿನ ಮೇಲಿದ್ದ ಬಿದಿರು ಕಡ್ಡಿ ಎತ್ತಿಕೊಂಡು ತೋರಿಸಿದ. ಅಲ್ಲಿಯ ಜನ ಕೋಲನ್ನು ಹಿಂದೆ ಮುಂದೆ ಬೀಸಿ ನೊಣವನ್ನು ದೂರ ಎಸೆಯುತ್ತಾರೆ. ದಾರದ ತುದಿಯಲ್ಲಿ ನೀರಿನಷ್ಟೇ ತಿಳಿಯಾದ ಸಣ್ಣ ತಂಗೂಸಿ, ಅಂದರೆ ನೈಲಾನ್ ಎಳೆ, ಅದರ ತುದಿಗೆ ನೊಣ. ನೊಣದ ಎರಡೂ ರೆಕ್ಕೆ ಸಮವಾಗಿದ್ದರೆ ಅದು ನೆಟ್ಟಗೆ ಹೋಗುತ್ತದೆ. ಒಂದು ರೆಕ್ಕೆ ಸೊಟ್ಟಗಿದ್ದರೆ ಗಾಳಿ ಹಿಡಿದು ಗಿರಗಟ್ಟೆ ಆಗುತ್ತದೆ, ಅದರ ಜೊತೆಗೆ ತಂಗೂಸಿಯೂ ತಿರುಚಿಕೊಳ್ಳುತ್ತದೆ. ಬೀಸಿದಷ್ಟೂ ಹುರಿ ಏರಿ ಕೊನೆಗೆ ಗಂಟುಗಂಟಾಗಿ ನೀರಿಗೆ ಬೀಳುತ್ತದೆ, ಮೀನು ಹೆದರಿ ಓಡುತ್ತದೆ.

“ಮೊದ್ಲು ಅವ್ರು ತಮ್ ಕೈಯದೇ ತಪ್ಪು ಅಂದ್ಕೊಂಡ್ರಂತೆ. ಮೆಲ್ಲಗೆ ಬೀಸಿ ನೋಡಿದ್ರು. ತಂಗೂಸಿ ಒಸಿ ದಪ್ಪದ್ದು ಹಾಕಿ ನೋಡಿದ್ರು. ನೊಣ ಒಸಿ ಸಣ್ಣದು ಕಟ್ಟಿ ನೋಡಿದ್ರು. ಆದ್ರೂ ಹುರಿ ನಿಲ್ಲಲಿಲ್ಲ. ಆಮ್ಯಾಕೆ ಗೊತ್ತಾಯ್ತು, ಕಸರು ನೊಣದಾಗೇ ಐತೆ ಅಂತ.” ಅವನು ಪೆಟ್ಟಿಗೆಯನ್ನು ದೊಡ್ಡಲಕ್ಷ್ಮಮ್ಮ, ಮುನವ್ವರಾ ನಡುವೆ ಇಟ್ಟ. “ಇದು ಈ ಮೇಜಿನ ಮಾಲು. ಬ್ಯಾರೆ ಮೇಜಿಂದು ಒಂದೂ ಬಂದಿಲ್ಲ. ಕಂಪ್ನಿ ಸಾಹೇಬ್ರು ಇವತ್ತು ಮೂರು ಗಂಟೆಗೆ ಬತ್ತಾವ್ರೆ. ಕಾರಣ ಹೇಳ್ದೇ ಹೋದ್ರೆ ನಮ್ಗೆ ಇನ್ನು ಕೆಲ್ಸ ಕೊಡಾಕಿಲ್ಲ.”

ಹೆಂಗಸರು ಪೆಟ್ಟಿಗೆಯೊಳಗೆ ಇಣುಕಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಅಂದರು: “ಎಡ ಹುರಿ.”

ಬೇರೆ ಯಾವ ಊರಿನ ಹೆಂಗಸರಾಗಿದ್ದರೂ ಈ ಮಾತು ಹುಟ್ಟುತ್ತಿರಲಿಲ್ಲ. ರೇಷ್ಮೆಯಲ್ಲಿ ಎಡಕ್ಕೆ ತಿರುಚಿದ ನೂಲು ಬಲಕ್ಕೆ ತಿರುಚಿದ ನೂಲಿನ ಜೊತೆ ಸೇರಿಬಿಟ್ಟರೆ ಎರಡೂ ಜಗಳಕ್ಕೆ ಬಿದ್ದು ಲಡಿಯೆಲ್ಲ ಸಿಕ್ಕಾಗುತ್ತದೆ. ಅಂಥ ಸಿಕ್ಕು ಬಿಡಿಸಿ ಬೈಸಿಕೊಂಡವರೇ ಎಲ್ಲರೂ. ಎಡಗೈಯಲ್ಲಿ ಸುತ್ತಿದ ನೊಣ ಎಡಕ್ಕೆ ತಿರುಗದೆ ಇನ್ನೇನು ಮಾಡುತ್ತದೆ? ಶೆಡ್ಡಿಗೆ ಶೆಡ್ಡೇ ತಲೆಯಾಡಿಸಿತು. ಕಾರಣ ಎಷ್ಟು ಸುಲಭವಾಗಿ ಹೊಂದಿಕೊಂಡಿತೆಂದರೆ ಅನಂತರಾಜುವಿನ ಮುಖದ ಮೇಲೆ ಸಮಾಧಾನವೇ ಕಾಣಿಸಿಕೊಂಡಿತು.

“ಫ್ಯಾನ್ ಮುಂದೆ ಹಿಡ್ದು ನೋಡಿ ಸಾರ್,” ಎಂದಳು ಮುನವ್ವರಾ. ಅವಳ ದನಿ ಸಣ್ಣದಾಗಿತ್ತು.

“ಕರೆಂಟೆಲ್ಲಿ ಐತಮ್ಮ? ಬರೋದು ಮೂರಕ್ಕೇ.” ಅನಂತರಾಜು ಕೆಟ್ಟವನಲ್ಲ, ಹೆದರಿದವನು. ಹೆದರಿದವರ ಕೈಯಲ್ಲಿ ನ್ಯಾಯ ಸಿಗುವುದು ಕಷ್ಟ. “ಬೇಜಾರ್ ಮಾಡ್ಕೋಬ್ಯಾಡ ಮುನವ್ವರಾ. ಸಾಹೇಬ್ರು ಬರೋ ಹೊತ್ಗೆ ನೀನು ಇಲ್ಲಿರೋದು ಬ್ಯಾಡ. ಕಸರು ಸಿಕ್ತು, ತೆಗೆದಾಕಿದೀವಿ ಅಂತ ಹೇಳ್ಬುಡ್ತೀನಿ. ಊಟದ ಹೊತ್ತಿನ ಬಸ್ಸಿಗೆ ಹೊರಟ್ಬುಡು.”

ಮುನವ್ವರಾ ಅಳಲಿಲ್ಲ. ತನ್ನ ಪುಟ್ಟ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದಳು. ಅವಳ ಕಣ್ಣು ದೊಡ್ಡಲಕ್ಷ್ಮಮ್ಮನ ಕಡೆ ಬಂತು. ದೊಡ್ಡಲಕ್ಷ್ಮಮ್ಮ ತಲೆ ತಗ್ಗಿಸಿ ತನ್ನ ಬಲಗೈ ಹೆಬ್ಬೆರಳಿನ ಉಗುರನ್ನೇ ನೋಡುತ್ತಿದ್ದಳು.

ಆ ಉಗುರಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಎಷ್ಟೋ ವರ್ಷದ ಹಿಂದೆ ಅವಳಿಗೆ ಪುಟ್ಟಗೌರಿ ಎಂಬ ಮಗಳಿದ್ದಳು. ದೊಡ್ಡಆಲಹಳ್ಳಿಯ ಒಂದು ಮದುವೆಗೆ ಮಗುವಿಗೆ ಲಂಗ ಹಾಕಿ, ಜಡೆಗೆ ಮೊಗ್ಗು ಮುಡಿಸಿ, ಬಸ್ಸು ತಪ್ಪುತ್ತದೆಂದು ಓಡುವ ಅವಸರದಲ್ಲಿ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದನ್ನು ಮರೆತಿದ್ದಳು. ಮದುವೆಮನೆಯಲ್ಲಿ ಮಗು ಮಡಿಲಿನಿಂದ ಮಡಿಲಿಗೆ ಹೋಯಿತು. ಎಷ್ಟು ಲಕ್ಷಣವಾಗಿದ್ದಾಳೆ, ಕಣ್ಣು ನೋಡಿ, ಮೂಗು ನೋಡಿ ಎಂದು ಎಲ್ಲರೂ ಎತ್ತಿ ಎತ್ತಿ ಮುದ್ದಿಸಿದರು. ಊರಿಗೆ ಬಂದ ಮೇಲೆ ಜ್ವರ ಬಂತು, ವಾರದೊಳಗೆ ಮಗು ಹೋಯಿತು. ಕನಕಪುರದ ಡಾಕ್ಟರು ಜ್ವರಕ್ಕೆ ಯಾವುದೋ ಹೆಸರು ಹೇಳಿದರು. ದೊಡ್ಡಲಕ್ಷ್ಮಮ್ಮ ಅದಕ್ಕೆ ತನ್ನದೇ ಹೆಸರಿಟ್ಟುಕೊಂಡಳು.

ಅಂದಿನಿಂದ ಅವಳ ಕೈಯಿಂದ ಯಾವುದೂ ಪೂರ್ತಿಯಾಗಿ ಹೊರಬೀಳಲಿಲ್ಲ. ರಂಗೋಲಿಯಲ್ಲಿ ಒಂದು ಚುಕ್ಕಿ ಬಿಡುತ್ತಿದ್ದಳು. ರಾಗಿರೊಟ್ಟಿ ತಟ್ಟಿ ಬೇಯಿಸಿದರೆ ಅಂಚಿನಿಂದ ಚೂರು ಕಿತ್ತು ಒಲೆಗೆ ಹಾಕಿಯೇ ತಟ್ಟೆಗೆ ಬಡಿಸುತ್ತಿದ್ದಳು. “ನಮ್ಮನೇಲಿ ಇಲಿ ನಿನ್ ಕೈಯಾಗೇ ಐತೆ ಕಣಮ್ಮಿ,” ಎಂದು ಗಂಡ ಅಂಕಯ್ಯ ರೇಗಿಸುತ್ತಿದ್ದ. ಆಮೇಲೆ ಹುಟ್ಟಿದ ರಮ್ಯಾ ಕಿತ್ತ ರೊಟ್ಟಿ ತಿಂದೇ ಬೆಳೆದಳು, ಬದುಕಿದಳು, ಮದುವೆಯಾದಳು. ಈಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಕೂತಿದ್ದಳು, ಇಂದೋ ನಾಳೆಯೋ ಎಂಬಂತಿದ್ದಳು.

ನೊಣವೂ ಅಷ್ಟೇ. ಎರಡು ರೆಕ್ಕೆ ಎದ್ದು ನಿಂತು, ಕತ್ತಿನ ಸುತ್ತ ಗರಿ ಅರಳಿ, ಇನ್ನೇನು ಹಾರಿಬಿಡುತ್ತದೆ ಎನ್ನುವಷ್ಟು ಮುದ್ದಾಗಿ ಕಂಡಾಗ ಅವಳ ಹೆಬ್ಬೆರಳು ತಾನಾಗಿಯೇ ಹೋಗಿ ಒಂದು ರೆಕ್ಕೆಯನ್ನು ಉಗುರಿನಿಂದ ಒಸಿ ಬಾಗಿಸುತ್ತಿತ್ತು. ಕಣ್ಣಿಗೆ ಕಾಣುವಷ್ಟೇನೂ ಅಲ್ಲ. ದೃಷ್ಟಿಗೆ ಸಾಕಾಗುವಷ್ಟು.

ಅನಂತರಾಜು ‘ಒಂದು ರೆಕ್ಕೆ ಸೊಟ್ಟಗಿದ್ದರೆ’ ಎಂದಾಗ ಅವಳ ಕಣ್ಣು ಆ ಉಗುರಿನ ಮೇಲೆ ಬಿದ್ದಿತ್ತು. ಆದರೆ ಅಷ್ಟು ಚೂರು ಬಾಗಿದ್ದಕ್ಕೆ ತಿರುಗುತ್ತದೆಯೇ? ಎಡಗೈಯದೇ ಇರಬಹುದು, ಎಲ್ಲರೂ ಹಾಗೇ ಹೇಳುತ್ತಿದ್ದಾರೆ. ಊಟದ ಗಂಟೆ ಬಾರಿಸುವ ತನಕ ಅವಳು ಹೀಗೆ ತನ್ನನ್ನು ತಾನೇ ಪುಸಲಾಯಿಸಿಕೊಂಡಳು. ಮುನವ್ವರಾ ಚೀಲ ಹೆಗಲಿಗೇರಿಸಿ ಯಾರಿಗೂ ಹೇಳದೆ ಹೊರಟಾಗ ಇನ್ನು ಕೂರಲಾಗಲಿಲ್ಲ.

ಅವಳು ಅನಂತರಾಜುವಿನ ಮೇಜಿನಿಂದ ಬಿದಿರು ಕಡ್ಡಿಯನ್ನೂ ಒಂದು ತುಂಡು ತಂಗೂಸಿಯನ್ನೂ ಎತ್ತಿಕೊಂಡಳು. ಬೆಳಿಗ್ಗೆ ತಾನು ಕಟ್ಟಿದ ನೊಣ ಒಂದು, ಮುನವ್ವರಾಳ ಇಕ್ಕಳದಲ್ಲೇ ಉಳಿದಿದ್ದ ನೊಣ ಒಂದು ಸೆರಗಿನಲ್ಲಿ ಹಿಡಿದು ರಸ್ತೆಯಂಚಿಗೆ ಬಂದಳು. ಫ್ಯಾನಿಗೆ ಕರೆಂಟಿಲ್ಲ, ಆದರೆ ಹೆದ್ದಾರಿಯಲ್ಲಿ ಲಾರಿಗಳಿಗೇನು ಬರವೇ. ಒಂದು ದೊಡ್ಡ ಲಾರಿ ಹೋದರೆ ನಿಂತವರ ಸೀರೆಯೇ ಹಾರುವಷ್ಟು ಗಾಳಿ.

ತಂಗೂಸಿಯ ನಡುವೆ ಕೆಂಪು ರೇಷ್ಮೆಯ ಚೂರೊಂದನ್ನು ಅಡ್ಡಲಾಗಿ ಗಂಟು ಹಾಕಿದಳು. ಹುರಿ ಏರುತ್ತಿದೆಯೋ ಇಲ್ಲವೋ ನೋಡಲು ಕಾರ್ಖಾನೆಯಲ್ಲಿ ಅವಳು ಮಾಡುತ್ತಿದ್ದ ಉಪಾಯ ಅದು. ಮೊದಲು ಮುನವ್ವರಾಳ ನೊಣ ಕಟ್ಟಿ ಕಡ್ಡಿ ಮುಂದೆ ಚಾಚಿದಳು. ಕಲ್ಲು ತುಂಬಿದ ಲಾರಿ ಭರ್ರನೆ ಹೋಯಿತು. ನೊಣ ಗಾಳಿಗೆ ಎದ್ದು ನೆಟ್ಟಗೆ ನಿಂತಿತು. ಕೆಂಪು ಚೂರು ಅತ್ತಿತ್ತ ಅಲುಗಿತೇ ಹೊರತು ಸುತ್ತಲಿಲ್ಲ.

ದೊಡ್ಡಲಕ್ಷ್ಮಮ್ಮ ಅದನ್ನು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ತನ್ನ ನೊಣವನ್ನು ಕಟ್ಟುವಾಗ ಗಂಟು ಎರಡು ಸಲ ಜಾರಿತು. ಇನ್ನೊಂದು ಲಾರಿ ಬಂತು. ನೊಣ ಕಾಣದೇ ಹೋಯಿತು, ಅಷ್ಟು ಜೋರಾಗಿ ತಿರುಗುತ್ತಿತ್ತು. ಕೆಂಪು ಚೂರು ಚಕ್ರವಾಗಿತ್ತು. ಗಾಳಿ ನಿಂತು ತಂಗೂಸಿ ಸಡಿಲವಾದಾಗ ಅದು ತನ್ನ ಮೈಗೆ ತಾನೇ ಹೆಣೆದುಕೊಂಡು ಕುಗ್ಗಿ ಕೂತಿತು. ಜೀವಮಾನವೆಲ್ಲ ಹುರಿ ನೋಡಿದವಳಿಗೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ.

ರಸ್ತೆಯ ಆಚೆ ಬದಿಗೆ, ಕಡಿದು ಉರುಳಿಸಿದ ಹುಣಿಸೆಮರದ ಬೊಡ್ಡೆಯ ಪಕ್ಕ, ಮುನವ್ವರಾ ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದಳು. ಅವಳು ಇತ್ತ ನೋಡುತ್ತಿರಲಿಲ್ಲ.

ಸುಮ್ಮನಿದ್ದುಬಿಟ್ಟರೆ? ನಾಳೆಯಿಂದ ನೊಣಗಳ ರೆಕ್ಕೆ ಬಾಗಿಸದೆ ಇದ್ದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದೇ ಆಗದ ಮಾತು. ಬಾಗಿಸದೆ ಹೇಗಿರುವುದು? ಮಗಳು ತುಂಬಿದ ಬಸುರಿ, ಈ ಹೊತ್ತಿನಲ್ಲಿ ಕೈಯಿಂದ ಊನವಿಲ್ಲದ ವಸ್ತು ಹೊರಗೆ ಬಿಡುವುದೆಂದರೆ ಹುಲಿಗೆ ಬಾಗಿಲು ತೆಗೆದಂತೆ. ಹೇಳಿದರೂ ಗತಿಯಿಲ್ಲ, ಹೇಳದಿದ್ದರೂ ಗತಿಯಿಲ್ಲ. ಹೇಳಿದರೆ ಎಲ್ಲರೆದುರು ಪುಟ್ಟಗೌರಿಯ ಹೆಸರು ಎತ್ತಬೇಕು. ಆ ಹೆಸರನ್ನು ಅವಳು ರಮ್ಯಾಳ ಮುಂದೆಯೂ ಎತ್ತಿದವಳಲ್ಲ.

ಮದ್ದೂರಿನ ಕಡೆಯಿಂದ ಕೆಂಪು ಬಸ್ಸು ಕಾಣಿಸಿತು. ಮುನವ್ವರಾ ಕೈ ಅಡ್ಡ ಹಿಡಿದಳು. ಎಡಗೈ. ಬಸ್ಸು ವೇಗ ತಗ್ಗಿಸಿತು.

“ಹತ್ಬ್ಯಾಡ! ಮುನವ್ವರಾ, ಹತ್ಬ್ಯಾಡ ಕಣೇ!”

ಲಾರಿಗಳ ಸದ್ದಿನಲ್ಲಿ ಆ ಕೂಗು ಎಲ್ಲಿ ಕೇಳಬೇಕು. ದೊಡ್ಡಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೇ ನುಗ್ಗಿದಳು. ಒಂದು ಕಾರು ಕಿರ್ರೆಂದು ನಿಂತು ಡ್ರೈವರ್ ಅವಳ ವಂಶವನ್ನೆಲ್ಲ ಬೈದ. ಅವಳು ಬಸ್ಸಿನ ಮುಂದೆಯೇ ಹೋಗಿ ಕಡ್ಡಿ ಎತ್ತಿ ಹಿಡಿದು ನಿಂತಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮುನವ್ವರಾ ಬೆಪ್ಪಾಗಿ ಕೆಳಗಿಳಿದಳು. ಕಂಡಕ್ಟರು ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡಿ ರೈಟ್ ಹೇಳಿದ.

“ನಂದು ಕಣೇ, ತಿರುಗೋದು ನಂದು. ನಿಂದು ನೆಟ್ಟಗೈತೆ,” ಎಂದು ದೊಡ್ಡಲಕ್ಷ್ಮಮ್ಮ ಏದುಸಿರಿನಲ್ಲೇ ಎಲ್ಲ ಹೇಳಿದಳು. ಉಗುರಿನದ್ದು, ರೊಟ್ಟಿಯದ್ದು, ಕೊನೆಗೆ ಪುಟ್ಟಗೌರಿಯದ್ದು.

ಮುನವ್ವರಾ ಕೇಳಿಸಿಕೊಂಡಳು. ಅವಳ ಮುಖ ಕೆಂಪಾಯಿತು. “ನೀನು ರೆಕ್ಕೆ ಮುಟ್ಟೋದ ದಿನಾ ನೋಡ್ತಿದ್ದೆ ಅಕ್ಕಾ. ನೇರ ಮಾಡ್ತೀಯ ಅಂದ್ಕೊಂಡಿದ್ದೆ,” ಎಂದಳು. ಆಮೇಲೆ ದನಿ ಏರಿತು. “ಬೆಳಿಗ್ಗೆ ಎಲ್ರೂ ನನ್ ಕೈಯ ಆಡ್ಕೊಂಡ್ರಲ್ಲ, ಆಗ ನೀನು ನೆಲ ನೋಡ್ತಾ ಕೂತಿದ್ದೆ. ಬ್ಯಾರೆಯೋರು ಅಂದ್ರೆ ಅನ್ಲಿ. ನೀನು ನನ್ ಪಕ್ಕದೋಳು!”

ದೊಡ್ಡಲಕ್ಷ್ಮಮ್ಮ ಅವಳ ಎಡಗೈ ಹಿಡಿದುಕೊಂಡಳು, ಮುನವ್ವರಾ ಕಿತ್ತುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆಯೇ ರಸ್ತೆ ದಾಟಿ ಶೆಡ್ಡಿಗೆ ಬಂದರು.

ಅನಂತರಾಜು ನಂಬಲಿಲ್ಲ. “ದೊಡ್ಡಕ್ಕ, ಇವಳ ಉಳಿಸಾಕೆ ನಿನ್ ಮ್ಯಾಲೆ ಹಾಕ್ಕತಾ ಇದೀಯ. ದೃಷ್ಟಿ ಗಿಷ್ಟಿ ಅಂತ ಸಾಹೇಬ್ರಿಗೆ ನಾನು ಏನ್ ಹೇಳಾನ?” ಎಂದು ಹಣೆ ಒತ್ತಿಕೊಂಡ. “ಸರಿ. ಉಗುರು ತಾಕಿಸ್ದೆ ಒಂದು ಕಟ್ಟು. ಕರೆಂಟ್ ಬಂದೇಟ್ಗೆ ಫ್ಯಾನ್ ಮುಂದೆ ಹಿಡಿಯಾಣ. ಅದೂ ತಿರುಗಿದ್ರೆ ಮುನವ್ವರಾ ಮನೆಗೆ, ನೀನೂ ಅವಳ ಜೊತೆ.”

ಹೆಂಗಸರೆಲ್ಲ ಮೇಜಿನ ಸುತ್ತ ನೆರೆದರು. ದೊಡ್ಡಲಕ್ಷ್ಮಮ್ಮ ಗಾಳವನ್ನು ಇಕ್ಕಳಕ್ಕೆ ಕಚ್ಚಿಸಿದಳು. ಬಾಲ ಕಟ್ಟಿದಳು, ರೆಕ್ಕೆ ನಿಲ್ಲಿಸಿದಳು, ಎರಡರ ನಡುವೆ ಎಂಟರ ಆಕಾರದಲ್ಲಿ ಎಳೆ ಹಾಯಿಸಿದಳು, ಹುಂಜದ ಗರಿಯನ್ನು ಸುತ್ತಿ ಅರಳಿಸಿದಳು. ಕೊನೆಯ ಗಂಟು ಬಿಗಿದಾಗ ನೊಣ ಬೆಳಕಿಗೆ ಎದ್ದು ನಿಂತಿತು. ಅಷ್ಟು ಚೆಂದದ್ದನ್ನು ಅವಳು ಎಂದೂ ಕಟ್ಟಿರಲಿಲ್ಲ.

ಹೆಬ್ಬೆರಳು ಎದ್ದಿತು. ಅವಳು ತಡೆದಳು. ಅದು ಕೇಳಲಿಲ್ಲ, ರೆಕ್ಕೆಯ ಹತ್ತಿರಕ್ಕೇ ಹೋಗಿ ನಿಂತಿತು. ಕಣ್ಣ ಮುಂದೆ ಮೊಗ್ಗಿನ ಜಡೆ ಬಂತು, ರಮ್ಯಾಳ ತುಂಬಿದ ಹೊಟ್ಟೆ ಬಂತು. “ನನ್ ಕೈಲಾಗಾಕಿಲ್ಲ,” ಎಂದಳು. ಹೊರಗೆ ಕಾರಿನ ಹಾರ್ನು ಕೇಳಿಸಿತು. ಅನಂತರಾಜು ಬಾಗಿಲ ಕಡೆ ಓಡಿದ.

ಆಗ ಮುನವ್ವರಾ ಮುಂದೆ ಬಂದಳು. ತನ್ನ ಕಣ್ಣಿನ ಕಾಡಿಗೆಯನ್ನು ಎಡಗೈ ಬೆರಳಿನಿಂದ ತೀಡಿ ತೆಗೆದು, ದೊಡ್ಡಲಕ್ಷ್ಮಮ್ಮನ ಕೆನ್ನೆಗೆ ಒತ್ತಿ ಬೊಟ್ಟಿಟ್ಟಳು. ಇನ್ನೂ ಸಿಟ್ಟಿನಲ್ಲೇ ಇದ್ದಳು, ಬೊಟ್ಟು ಬೇಕಾದ್ದಕ್ಕಿಂತ ದೊಡ್ಡದಾಯಿತು.

“ನೊಣಕ್ಕೆ ಯಾಕೆ ಅಕ್ಕಾ ದೃಷ್ಟಿ? ಕಟ್ಟೋಳಿಗೆ ಇರ್ಲಿ. ಕೈ ತೆಗಿ ಈಗ.”

ದೊಡ್ಡಲಕ್ಷ್ಮಮ್ಮ ಕೈ ತೆಗೆದಳು.

ಸಾಹೇಬರು ಒಳಗೆ ಕಾಲಿಡುವುದಕ್ಕೂ ತಲೆಯ ಮೇಲೆ ಟ್ಯೂಬ್‌ಲೈಟು ಮಿಣುಕುವುದಕ್ಕೂ ಸರಿಹೋಯಿತು. ಟೇಬಲ್ ಫ್ಯಾನು ಗುರ್ರೆಂದಿತು. ಅನಂತರಾಜು ಕಡ್ಡಿ ಹಿಡಿದ. ಮೊದಲು ವಾಪಸ್ ಬಂದ ನೊಣ, ಕೆಂಪು ಚೂರು ಚಕ್ರವಾಯಿತು. ಆಮೇಲೆ ಮುನವ್ವರಾಳದ್ದು, ನೆಟ್ಟಗೆ ನಿಂತಿತು. ಕೊನೆಗೆ ಈಗ ಕಟ್ಟಿದ್ದು. ದೊಡ್ಡಲಕ್ಷ್ಮಮ್ಮ ನೋಡಲಾರದೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹಿಂದಿನ ಸಾಲಿನಿಂದ, ಬೆಳಿಗ್ಗೆ ‘ಎಡ ಹುರಿ’ ಎಂದಿದ್ದ ಅದೇ ಬಾಯಿ, “ನಿಂತೈತೆ ಕಣ್ರೇ, ಸುತ್ತಾಕಿಲ್ಲ,” ಎಂದಿತು.

ಸಾಹೇಬರು ಕಡ್ಡಿ ಇಸಿದುಕೊಂಡು ತಾವೂ ಹಿಡಿದು ನೋಡಿದರು. ಏನು ತಪ್ಪಾಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ದೃಷ್ಟಿಬೊಟ್ಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಅನಂತರಾಜುವಿಗೆ ಹೊಳೆಯಲಿಲ್ಲ. “ಸ್ಮಾಲ್ ಟ್ರೈನಿಂಗ್ ಪ್ರಾಬ್ಲಂ ಸಾರ್,” ಎಂದ. ಇನ್ನು ಮೇಲೆ ಪ್ರತಿ ತಟ್ಟೆಯಿಂದಲೂ ನೊಣ ತೆಗೆದು ಫ್ಯಾನಿಗೆ ಹಿಡಿದೇ ಕಳಿಸಬೇಕೆಂದು ತಾಕೀತು ಮಾಡಿ, ಆರ್ಡರು ಮುಂದುವರಿಸಿ ಸಾಹೇಬರು ಹೋದರು. ಅನಂತರಾಜು ಮುನವ್ವರಾಳ ಮುಂದೆ ನಿಂತು ಅವಳ ಇಕ್ಕಳವನ್ನು ತಾನೇ ಎಡಗೈಯ ಕಡೆಗೆ ತಿರುಗಿಸಿಟ್ಟ. ಉಳಿದ ಸಂಜೆಯೆಲ್ಲ ದೊಡ್ಡಲಕ್ಷ್ಮಮ್ಮ, ಮುನವ್ವರಾ ಇಬ್ಬರೂ ಟೀ ಕಾಯಿಸುವ ಕೆಟಲಿನ ಮೂತಿಗೆ ವಾಪಸ್ ಬಂದ ನೊಣಗಳನ್ನು ಹಿಡಿದು, ಹಬೆಯಲ್ಲಿ ಮೆತ್ತಗಾದ ರೆಕ್ಕೆಗಳನ್ನು ಒಂದೊಂದಾಗಿ ನೇರ ಮಾಡಿದರು. ಹೊರಡುವಾಗ ಮುನವ್ವರಾ, “ನಾಳೆ ಬೇಗ ಬಾ, ಇನ್ನೂ ಅರ್ಧ ಪೆಟ್ಟಿಗೆ ಐತೆ,” ಎಂದಳು.

ಬಸ್ಸಿಳಿದ ಮೇಲೆ ದೊಡ್ಡಲಕ್ಷ್ಮಮ್ಮ ನಡೆಯಲಿಲ್ಲ, ಓಡಿದಳು. ಮನೆ ಮುಂದೆ ಜನ ಸೇರಿದ್ದಾರೆಯೇ ಎಂದು ದೂರದಿಂದಲೇ ನೋಡಿದಳು. ಯಾರೂ ಇರಲಿಲ್ಲ. ರಮ್ಯಾ ಜಗುಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಯಾಕವ್ವ ಓಡ್ಬತ್ತೀಯ? ಇದೇನು ಕೆನ್ನೆ ಮ್ಯಾಲೆ ಮಸಿ?” ಎಂದು ಒರೆಸಲು ಕೈ ನೀಡಿದಳು.

“ಇರ್ಲಿ ಬುಡು,” ಎಂದು ದೊಡ್ಡಲಕ್ಷ್ಮಮ್ಮ ಮುಖ ತಪ್ಪಿಸಿ ಒಳಗೆ ಹೋಗಿ ಒಲೆ ಹಚ್ಚಿದಳು. ಹಿಟ್ಟು ಕಲಸಿ ರೊಟ್ಟಿ ತಟ್ಟಿದಳು. ರೊಟ್ಟಿ ಬೆಂದು ಉಬ್ಬಿತು, ಅಂಚು ಎಲ್ಲೂ ಮುರಿಯದೆ ಗುಂಡಗೆ ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದು, ಸುಡುತ್ತಿದ್ದರೂ ಕೆಳಗಿಡದೆ, ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಾಗೆಯೇ ತಂದು ಮಗಳ ತಟ್ಟೆಗೆ ಹಾಕಿದಳು.

ರಮ್ಯಾ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹುಟ್ಟಿದಾಗಿನಿಂದ ಅಮ್ಮನ ಕೈಯ ಇಡೀ ರೊಟ್ಟಿ ಅವಳು ಕಂಡಿರಲಿಲ್ಲ.

“ಇದ್ಯಾಕವ್ವ, ಇವತ್ತು ಕಿತ್ತೇ ಇಲ್ಲ?”

“ನೀನೇ ಕಿತ್ಕೊಂಡು ತಿನ್ನು ಮಗಾ,” ಎಂದಳು ದೊಡ್ಡಲಕ್ಷ್ಮಮ್ಮ. ಆಮೇಲೆ ಮಗಳ ಎದುರು ಕೂತು, “ನಿಂಗೊಬ್ಳು ಅಕ್ಕ ಇದ್ಲು,” ಎಂದು ಶುರು ಮಾಡಿದಳು.